ಸದ್ದಿಲ್ಲದೆ ಮಾತಾಡಿದ ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಿರಣಿಯ ನೇಯ್ಗೆ ಶೆಡ್ಡಿನ ಎತ್ತರದ ಕಿಟಕಿಗಳಲ್ಲಿ ಆಕಾಶ ಬೂದಿ ಬಣ್ಣಕ್ಕಿದೆ. ಒಳಗೆ ಮಗ್ಗಗಳು ಒಂದರ ಹಿಂದೆ ಒಂದು ಶುರುವಾಗುತ್ತಿವೆ. ಬಾಗಿಲಲ್ಲಿ ನಿಂತವರ ಎದೆಗೇ ಸದ್ದು ಬಂದು ಗುದ್ದುತ್ತದೆ.

ದೊಡ್ಡಕ್ಕ ತಮ್ಮ ನಾಲ್ಕು ಮಗ್ಗಗಳ ನಡುವೆ ನಡೆಯುತ್ತಾ ಒಂದೊಂದರ ಚೌಕಟ್ಟಿನ ಮೇಲೂ ಅಂಗೈ ಇಡುತ್ತಾರೆ, ಮಗುವಿನ ಜ್ವರ ನೋಡುವವರ ಹಾಗೆ. ಮೂರನೆಯದರ ಹತ್ತಿರ ಕೈ ತಡೆಯುತ್ತದೆ. ಮಗ್ಗ ನಿಲ್ಲಿಸಿ, ಬಗ್ಗಿ, ಸಾವಿರಾರು ಎಳೆಗಳ ನಡುವೆ ತುಂಡಾದ ಒಂದನ್ನು ಹುಡುಕಿ ಗಂಟು ಹಾಕುತ್ತಾರೆ. ಉಳಿದ ತುದಿಯನ್ನು ಹಲ್ಲಿನಿಂದ ಕಡಿದು ಮತ್ತೆ ಓಡಿಸುತ್ತಾರೆ. ನೇಯುತ್ತಿರುವುದು ಆಸ್ಪತ್ರೆಯ ಮಂಚಕ್ಕೆ ಹಾಸುವ ಬಿಳಿ ಬಟ್ಟೆ. ಅವರ ಕಿವಿಗಳ ಮೇಲೆ ಸದ್ದು ತಡೆಯುವ ಎರಡು ಹಳದಿ ಬಟ್ಟಲುಗಳಿವೆ, ತಲೆಯ ಮೇಲೆ ಹಾದ ಪಟ್ಟಿಗೆ ಸಿಕ್ಕಿಸಿದವು. ಇನ್ನೂ ಹೊಸದರ ಹೊಳಪು ಹೋಗಿಲ್ಲ.

ಎರಡು ಸಾಲು ಆಚೆಗಿರುವ ಗೆಳತಿಗೆ ಇಲ್ಲಿ ಲಾಳಿ ಎಂದು ಅಡ್ಡಹೆಸರು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹಾಗೆ, ನಿಂತಲ್ಲಿ ನಿಲ್ಲುವ ಜಾಯಮಾನ ಅವರದಲ್ಲ. ಲಾಳಿ ಬಾಯಿ ಅಗಲಿಸಿ, ದನಿಯಿಲ್ಲದೆ, ಏನೋ ಹೇಳುತ್ತಾರೆ. ದೊಡ್ಡಕ್ಕ ನಗುತ್ತಾರೆ. ವಿಷಯ ಮೇಸ್ತ್ರಿಯದು. ಮೇಸ್ತ್ರಿ ಇಬ್ಬರ ನಡುವೆಯೇ ನಿಂತಿದ್ದಾರೆ, ಲಾಳಿಗೆ ಬೆನ್ನು ಹಾಕಿ.

"ಇಲ್ಲಿ ಎಲ್ಲರೂ ತುಟಿ ನೋಡೇ ಮಾತು ತಿಳ್ಕೋತೀವಿ," ಎನ್ನುತ್ತಾರೆ ಲಾಳಿ, ಚಹಾ ಕುಡಿಯಲು ಹೊರಗೆ ಬಂದಾಗ. "ಮೇಸ್ತ್ರಿ ಮಾತು ಮಾತ್ರ ಯಾರಿಗೂ ತಿಳಿಯಲ್ಲ. ಅಷ್ಟು ದಪ್ಪ ಮೀಸೆ. ಹೂಂ ಹೂಂ ಅಂತೀವಿ, ಆಮೇಲೆ ನಮಗೆ ಸರಿ ಕಂಡಿದ್ದು ಮಾಡ್ತೀವಿ."

ಈ ನಗು ದೊಡ್ಡಕ್ಕನ ಮುಖಕ್ಕೆ ವಾಪಸು ಬಂದು ಹೆಚ್ಚು ದಿನವಾಗಿಲ್ಲ. ಸುಮಾರು ಒಂದು ವರ್ಷ ಅವರು ಇವತ್ತೇ ಕೊನೆಯ ದಿನವೇನೋ ಎಂದುಕೊಂಡೇ ಶೆಡ್ಡಿಗೆ ಕಾಲಿಡುತ್ತಿದ್ದರು. ಕಿವಿ ಕೇಳಿಸದವರಿಗೆ ಇಲ್ಲಿ ಮಗ್ಗ ಕೊಡುವುದಿಲ್ಲ. ದೊಡ್ಡಕ್ಕನಿಗೆ ಕೇಳಿಸುವುದು ಕಡಿಮೆಯಾಗುತ್ತಾ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಮ್ಮನಿಗೂ ಹೇಳಿರಲಿಲ್ಲ.

ಆ ತಮ್ಮನನ್ನು ಓದುಗರು ಬಲ್ಲರು. ಕಿವಿಯೊಳಗೆ ಹೊಕ್ಕ ಸದ್ದು ತಲೆಗೆ ಹೇಗೆ ತಲುಪುತ್ತದೆ ಎಂಬುದರ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ವಿಜ್ಞಾನಿ. ದೊಡ್ಡ ಪ್ರಶಸ್ತಿ ಬಂದಾಗ ಪತ್ರಿಕೆಗಳ ಮುಖಪುಟದಲ್ಲಿದ್ದರು. ಅವರ ಬಾಲ್ಯದ ಬಗ್ಗೆ ಬರೆದವರೆಲ್ಲ 'ಗಿರಣಿ ಕೆಲಸದವಳ ಮಗ' ಎಂಬ ಒಂದು ಸಾಲು ಬರೆದು ಮುಂದೆ ಹೋಗಿದ್ದಾರೆ. ಆ ಒಂದು ಸಾಲಿನೊಳಗೆ ನಾಲ್ಕು ಜನ ಸಂಸಾರ ಮಾಡಿದ್ದರು.

ಮಹಡಿಯ ಮೇಲೆ ಒಂದೇ ಕೋಣೆ, ಹಲಗೆಯ ನೆಲ. ಅಮ್ಮ ಇದೇ ಶೆಡ್ಡಿನಲ್ಲಿ ನೇಯುತ್ತಿದ್ದವರು. ಮಗ ಹುಟ್ಟುವ ಹೊತ್ತಿಗೆ ಅವರ ಕಿವಿ ಪೂರ್ತಿ ಹೋಗಿತ್ತು. ಅಪ್ಪ ಗೋದಾಮೊಂದರ ರಾತ್ರಿ ಕಾವಲುಗಾರ. ಹಗಲು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು.

"ಸದ್ದು ಮಾಡಿದ್ರೆ ಅಪ್ಪ ಎದ್ದುಬಿಡ್ತಾರೆ. ಎಷ್ಟು ಸದ್ದು ಮಾಡಿದ್ರೂ ಅಮ್ಮಂಗೆ ಕೇಳ್ಸಲ್ಲ. ಇನ್ನು ದನಿ ಯಾಕೆ ಬೇಕು, ದಂಡ," ಎನ್ನುತ್ತಾರೆ ದೊಡ್ಡಕ್ಕ. "ಎಲ್ಲ ತುಟೀಲೇ. ಊಟಕ್ಕೆ ಬಾ ಅನ್ನೋದೂ ತುಟೀಲೇ, ಜಗಳಾನೂ ತುಟೀಲೇ. ನನ್ನ ತಮ್ಮ ಭಾರಿ ಕಿಲಾಡಿ. ಅಮ್ಮ ಬೈಯೋಕೆ ಶುರು ಮಾಡಿದ್ರೆ ಕಣ್ಣು ಮುಚ್ಚಿಬಿಡ್ತಿದ್ದ. ನೋಡದಿದ್ರೆ ಬೈಗುಳ ತಟ್ಟಲ್ಲ ನೋಡಿ. ಆಗ ಅಮ್ಮಂಗೆ ಸಿಟ್ಟು ಬಂದು ನಿಜವಾದ ದನೀನೇ ಬರ್ತಿತ್ತು. ಅಪ್ಪ ಏಳ್ತಿದ್ರು, ಪಕ್ಕದ ಮನೆಯವರೂ ಏಳ್ತಿದ್ರು."

ಶಾಲೆಗೆ ಹೋದ ಮೊದಲ ದಿನ ಟೀಚರು ಹೆಸರು ಕೇಳಿದರು. ಹುಡುಗ ಮನೆಯಲ್ಲಿ ಹೇಳುವ ಹಾಗೆ, ಅಚ್ಚುಕಟ್ಟಾಗಿ ತುಟಿ ಆಡಿಸಿ ಹೇಳಿದ. ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಆಡಿಸಿದ. ಮೂಗ ಮಗುವನ್ನು ಇಲ್ಲಿ ಸೇರಿಸಿಕೊಳ್ಳಲಾಗದು ಎಂದು ಮನೆಗೆ ಕಳಿಸಿಬಿಟ್ಟರು. ಮಾರನೆಯ ದಿನ ಅವನ ಕೈ ಹಿಡಿದುಕೊಂಡು ಹೋದವರು ದೊಡ್ಡಕ್ಕ. ಆಗ ಅವರೇ ಲಂಗದ ಹುಡುಗಿ.

"'ಅವನಿಗೆ ಮಾತು ಬರತ್ತೆ ಟೀಚರ್, ಸದ್ದು ಹಾಕೋದು ಗೊತ್ತಿಲ್ಲ ಅಷ್ಟೆ' ಅಂದೆ. ಹಿತ್ತಲಿಗೆ ಕರ್ಕೊಂಡು ಹೋಗಿ, 'ಜೋರಾಗಿ ಕಿರಚೋ' ಅಂತ ಚಿವುಟಿದೆ. ಕಿರಚಿದ. ಸೇರಿಸ್ಕೊಂಡ್ರು." ಬೀದಿಯ ಹುಡುಗರು ಇಟ್ಟ ಮೂಗಣ್ಣ ಎಂಬ ಹೆಸರು ಮಾತ್ರ ಉಳಿಯಿತು. "ಆ ಮೂಗಣ್ಣ ಈಗ ಸಭೇಲಿ ಕೂತವರಿಗೆ ನಿದ್ದೆ ಬರೋವರೆಗೂ ಮಾತಾಡ್ತಾನೆ."

ಅಮ್ಮನನ್ನು ಕರೆಯಬೇಕಾದರೆ ಹಿಮ್ಮಡಿಯಿಂದ ಹಲಗೆಗೆ ಮೆಲ್ಲಗೆ ಒಂದು ಕುಟ್ಟು. ಎಲ್ಲಿದ್ದರೂ ಅವರು ತಿರುಗುತ್ತಿದ್ದರು. ಹುಡುಗನನ್ನು ಕಾಡಿದ್ದು ಇದೇ. ಕಿವಿಗೆ ಕೇಳದ್ದು ಕಾಲಿಗೆ ಹೇಗೆ ಕೇಳುತ್ತದೆ? ಅಕ್ಕನ ತಲೆ ತಿಂದ. ಚಮಚದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಬಾಗಿಲು, ಮೇಜು, ನೀರಿನ ಕೊಳಾಯಿ ಎಲ್ಲಕ್ಕೂ ತಾಗಿಸಿಕೊಂಡು ಓಡಾಡಿದ. ಮಲಗಿದ್ದ ಅಪ್ಪನ ತಲೆಗೂ ತಾಗಿಸಿ ಏಟು ತಿಂದ. ಅಪ್ಪನ ಗೊರಕೆ ಹಲ್ಲಿನೊಳಗೆ ಕೇಳಿಸಿತು ಎಂದು ಅಳುತ್ತಲೇ ಅಕ್ಕನಿಗೆ ವರದಿ ಒಪ್ಪಿಸಿದ, ತುಟಿಯಲ್ಲಿ.

ಒಂದು ದಿನ ಶೆಡ್ಡಿನಲ್ಲಿ ನೂಲಿನ ಉರುಳೆ ಹೊತ್ತ ಗಾಡಿ ಹಿಂದಿನಿಂದ ಬಂತು. ತಳ್ಳುವವರು ಕೂಗಿದರು. ಅಮ್ಮನಿಗೆ ಕೇಳಿಸಲಿಲ್ಲ. ಪಾದ ಮುರಿದು, ಕೂಡಿಕೊಂಡ ಮೇಲೆ ಅವರನ್ನು ಬಟ್ಟೆ ಮಡಚುವ ಹಜಾರಕ್ಕೆ ಹಾಕಿದರು. ಕಿವಿ ಕೇಳಿಸದವರಿಗೆ ಮಗ್ಗವಿಲ್ಲ ಎಂಬ ನಿಯಮ ಬಂದದ್ದು ಆಗಲೇ. ಸಂಬಳ ಇಳಿಯಿತು. ಅದಕ್ಕಿಂತ ಹೆಚ್ಚಿನದು ಬೇರೆ ಇತ್ತು. "ನೇಯೋ ಕೈಗೆ ಮಡಚೋ ಕೆಲಸ. ಬೇರೆಯವರು ನೇಯ್ದಿದ್ದನ್ನ ಮಡಚಬೇಕು. ಅಮ್ಮ ಆಮೇಲೆ ಈ ಶೆಡ್ಡಿನ ಮುಂದೆ ಹಾಯಲೇ ಇಲ್ಲ. ಸುತ್ತು ಬಳಸಿ ಹೋಗ್ತಿದ್ರು," ಎನ್ನುತ್ತಾರೆ ದೊಡ್ಡಕ್ಕ.

ಅಮ್ಮನ ಮಗ್ಗಗಳು ಮಗಳಿಗೆ ಬಂದವು. ಹತ್ತನೆಯ ತರಗತಿ ಮುಗಿಸಿದ್ದ ಹುಡುಗಿ ಕೆಲಸಕ್ಕೆ ಹೊರಟ ಮೊದಲ ಬೆಳಗ್ಗೆ ಮೂಗಣ್ಣ ಮೆಟ್ಟಿಲಿಗೆ ಅಡ್ಡ ನಿಂತ. ಅಮ್ಮನ ಕಿವಿ ಹೋಗಿದ್ದು ಮಗ್ಗದಿಂದ, ನಿನ್ನದೂ ಹೋಗುತ್ತದೆ ಎಂದ. ತನ್ನ ದಿಂಬು ಹರಿದು ತೆಗೆದ ಹತ್ತಿಯನ್ನು ಎರಡು ಉಂಡೆ ಮಾಡಿ ಅಕ್ಕನ ಕಿವಿಗೆ ತಾನೇ ತುರುಕಿದ.

"ಅವನು ಮೊಟ್ಟಮೊದಲು ಕಂಡುಹಿಡಿದದ್ದು ಅದೇ. ಪ್ರಶಸ್ತಿ ಏನೂ ಬರಲಿಲ್ಲ. ದಿಂಬು ಹರಿದಿದ್ದಕ್ಕೆ ಬೆನ್ನಿಗೆ ಎರಡು ಬಿತ್ತು."

ಅಂದಿನಿಂದ ದೊಡ್ಡಕ್ಕ ಹತ್ತಿಯಿಲ್ಲದೆ ಶೆಡ್ಡಿಗೆ ಹೋದದ್ದಿಲ್ಲ. ತಮ್ಮ ಓದಿದ, ಊರು ಬಿಟ್ಟ, ಹೆಸರು ಮಾಡಿದ. ಅಪ್ಪ, ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದರು. ಅದೇ ಕೋಣೆ, ಅದೇ ಹಲಗೆಯ ನೆಲ, ಅದೇ ಮಗ್ಗಗಳ ಜಾಗ ದೊಡ್ಡಕ್ಕನಿಗೆ ಉಳಿದವು. ಬೆಳಗಿನ ಪಾಳಿ ಎಂದರೆ ಎಂಟು ತಾಸು ನಿಂತೇ ಕೆಲಸ. ಕೂರುವುದು ಚಹಾಕ್ಕೆ ಮತ್ತು ಊಟಕ್ಕೆ ಮಾತ್ರ.

ಕಳೆದ ವರ್ಷ ಮಗ್ಗದ ಸದ್ದು ದೂರ ಹೋದ ಹಾಗಾಯಿತು. ಮೊದಲು ಮಗ್ಗವೇ ಹಳತಾಯಿತೇನೋ ಎಂದುಕೊಂಡರು. ಆಮೇಲೆ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ತಿಳಿಯಲಿಲ್ಲ. ಅದೇ ಹೊತ್ತಿಗೆ ಗಿರಣಿಯಲ್ಲಿ ಹೊಸ ನಿಯಮ ಬಂತು, ಎಲ್ಲರ ಕಿವಿಯ ಪರೀಕ್ಷೆ ಆಗಬೇಕು ಎಂದು. ಒಂದು ಸಲ ಹಲ್ಲುನೋವು ಎಂದು ತಪ್ಪಿಸಿಕೊಂಡರು. ಇನ್ನೊಂದು ಸಲ ಸರದಿಯಲ್ಲಿ ನಿಂತು, ಬಾಗಿಲು ಹತ್ತಿರವಾಗುತ್ತಿದ್ದಂತೆ ಜಾಗ ಖಾಲಿ ಮಾಡಿದರು.

ಯಾರಿಗೂ ಅನುಮಾನ ಬರಲಿಲ್ಲ. ಶೆಡ್ಡಿನಲ್ಲಿ ಎಲ್ಲರದೂ ತುಟಿಯ ಮಾತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಎದುರಿನವರ ಮುಖ ನೋಡಿದರೆ ಸಾಕು, ಕೆಲಸ ನಡೆಯುತ್ತದೆ. ತಮ್ಮ ಪ್ರತಿ ಭಾನುವಾರ ಮೊಬೈಲಿನಲ್ಲಿ ಮುಖ ತೋರಿಸಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಕ್ಕ ಒಂದು ಮಾತೂ ತಪ್ಪದಂತೆ ಉತ್ತರ ಕೊಡುತ್ತಿದ್ದರು.

"ಅವನಿಗೆ ಹೇಳಬಹುದಿತ್ತು," ಎನ್ನುತ್ತಾರೆ ದೊಡ್ಡಕ್ಕ. "ಆದ್ರೆ ಅವನು ಸುಳ್ಳು ಹೇಳೋನಲ್ಲ. ಹೋಗಿದೆ ಅಂದ್ರೆ ಹೋಗಿದೆ ಅಂತಲೇ ಹೇಳ್ತಾನೆ. ಅದಕ್ಕೇ ಹೇಳಲಿಲ್ಲ."

ಒಂದು ಭಾನುವಾರ ತಮ್ಮನ ಕಡೆಯಿಂದ ಚಿತ್ರ ಬರಲಿಲ್ಲ, ದನಿ ಮಾತ್ರ ಬಂತು. ಊಟಕ್ಕೆ ಏನು ಮಾಡಿದೆ ಎಂದು ಕೇಳಿದರು. ಅಕ್ಕ "ಹೂಂ, ಚೆನ್ನಾಗಿದೀನಿ" ಎಂದರು. ಮಂಡಿನೋವು ಹೇಗಿದೆ ಎಂದರು. ಅಕ್ಕ "ಹೂಂ, ಮಾಡಿದೆ" ಎಂದು ಫೋನ್ ಇಟ್ಟುಬಿಟ್ಟರು.

ಆ ವಾರವೇ ತಮ್ಮ ಹೇಳದೆ ಕೇಳದೆ ಬಂದರು. ಬಾಗಿಲು ತೆರೆದಿತ್ತು. ಅಕ್ಕ ಒಲೆಯ ಮುಂದೆ, ಆಚೆ ಮುಖ ಮಾಡಿ ನಿಂತಿದ್ದರು. ತಮ್ಮ ಬಾಗಿಲಲ್ಲೇ ನಿಂತು 'ಅಕ್ಕ' ಎಂದು ಕರೆದರು. ಇನ್ನೂ ಜೋರಾಗಿ ಕರೆದರು. ಆಮೇಲೆ ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಹಲಗೆಗೆ ಮೆಲ್ಲಗೆ ಕುಟ್ಟಿದರು.

ದೊಡ್ಡಕ್ಕ ತಿರುಗಿದರು.

"ಅಮ್ಮನ್ನ ಕರೆಯೋ ಹಾಗೆ ನನ್ನ ಕರೆದ. ಅವನ ಮುಖ ನೋಡಿದೆ, ಗೊತ್ತಾಗಿಬಿಟ್ಟಿದೆ ಅನ್ನಿಸ್ತು. 'ಯಾವಾಗಿಂದ' ಅಂತ ತುಟೀಲಿ ಕೇಳಿದ. ನಾನೂ ತುಟೀಲೇ, 'ಮೇಸ್ತ್ರಿಗೆ ಹೇಳ್ಬೇಡ ಕಣೋ' ಅಂದೆ. ಇಬ್ರೇ ಇರೋ ಮನೇಲಿ ಯಾರಿಗೆ ಹೆದರಿ ಪಿಸುಗುಟ್ಟಿದ್ವೋ."

ಮಾರನೆಯ ದಿನ ಕಿವಿಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಈ ತಮ್ಮನ ಪುಸ್ತಕ ಓದಿಯೇ ಪಾಸಾದವರು. ಅವರ ಬಾಯಿಗೆ ಮಾಸ್ಕ್ ಇತ್ತು. ದೊಡ್ಡಕ್ಕನಿಗೆ ತುಟಿ ಕಾಣಲಿಲ್ಲ. ಕೂತಿದ್ದ ಮಂಚದ ಬಿಳಿ ಹಾಸಿನ ಅಂಚನ್ನು ಬೆರಳಲ್ಲಿ ತಿರುಚುತ್ತಾ ತಮ್ಮನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರು ದೀಪ ಹಿಡಿದು ಒಂದು ಕಿವಿ ನೋಡಿದರು, ಇನ್ನೊಂದು ನೋಡಿದರು, ತಮ್ಮನ ಕಡೆ ತಿರುಗಿ ಏನೋ ಹೇಳಿದರು. ತಮ್ಮನ ಮುಖ ಕಲ್ಲಾಯಿತು. ಮುಗಿಯಿತು, ಇನ್ನು ಮಡಚುವ ಹಜಾರವೇ ಗತಿ ಎಂದುಕೊಂಡರು ದೊಡ್ಡಕ್ಕ.

ಅಲ್ಲಿ ನಡೆದ ಮಾತನ್ನು ತಮ್ಮ ಆಮೇಲೆ ಅಕ್ಕನಿಗೆ ಹೇಳಿದರು. ಡಾಕ್ಟರು ಬಹಳ ಸಂಕೋಚದಿಂದ, "ಸಾರ್, ಇವರ ಕಿವಿ ತುಂಬ ಗುಗ್ಗೆ ಇದೆ" ಎಂದಿದ್ದರು.

"ಸರಿ. ಆಮೇಲೆ?"

"ಆಮೇಲೆ... ಅಷ್ಟೇ ಅನ್ಸತ್ತೆ, ಸಾರ್."

ತಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಕ್ಕನಿಗೆ ತುಟಿಯಲ್ಲಿ ಹೇಳಿದರು, ಗುಗ್ಗೆ. ಅಕ್ಕ ನಂಬದೆ ಇನ್ನೊಮ್ಮೆ ಹೇಳಿಸಿದರು.

ವರ್ಷಾನುಗಟ್ಟಲೆ ಹತ್ತಿ ಒತ್ತಿ ಒತ್ತಿ ಎರಡೂ ಕಿವಿಯಲ್ಲಿ ಮೇಣದಂಥ ಗುಗ್ಗೆ ಒಳಗೆ ಹೋಗಿ ಕಲ್ಲಾಗಿತ್ತು. ಎಡಗಿವಿಯಲ್ಲಿ ಅದರ ನಡುವೆ, ಎಂದೋ ಹೊರಗೆ ಬರದೆ ಉಳಿದ ಹತ್ತಿಯ ಚೂರೊಂದು ಇತ್ತು. ಡಾಕ್ಟರು ಮದ್ದು ಹಾಕಿ ನೆನೆಸಿ ಒಂದೊಂದಾಗಿ ತೆಗೆದರು. ಮೊದಲು ಕೇಳಿಸಿದ್ದು ಮೂಲೆಯ ನಲ್ಲಿಯಿಂದ ತೊಟ್ಟಿಕ್ಕುವ ನೀರು. ಆಮೇಲೆ ಹಾಸು ಸರಿದ ಸದ್ದು. ಆಮೇಲೆ ಹಿಂದಿನಿಂದ ಯಾರೋ ಅಕ್ಕ ಎಂದರು.

"ಬೆಚ್ಚಿಬಿದ್ದೆ. ಅಪ್ಪ ಕರೆದ ಹಾಗಾಯ್ತು. ಇವನ ದನಿ ಯಾವಾಗ ಅಪ್ಪನ ದನಿ ಆಯ್ತೋ ನನಗೆ ಗೊತ್ತೇ ಆಗಿರಲಿಲ್ಲ. ಬರೀ ತುಟಿ ನೋಡ್ತಿದ್ದೆನಲ್ಲ."

ಪರೀಕ್ಷೆಯಲ್ಲಿ ಸಣ್ಣ, ಚೂಪು ಸದ್ದುಗಳು ಸ್ವಲ್ಪ ಮಂಕಾಗಿರುವುದು ಕಂಡಿತು. ಅದು ಮಗ್ಗ ತಿಂದ ಪಾಲು, ವಾಪಸು ಬರುವುದಿಲ್ಲ. ಉಳಿದಂತೆ ಕಿವಿ ಗಟ್ಟಿಯಾಗಿದೆ. ಅಷ್ಟು ವರ್ಷ ಮಗ್ಗದ ಮುಂದೆ ನಿಂತವರ ಕಿವಿ ಇಷ್ಟು ಉಳಿದಿರುವುದು ಹತ್ತಿಯ ಪುಣ್ಯ ಎಂದರು ಡಾಕ್ಟರು. ಇನ್ನು ಮುಂದೆ ಹತ್ತಿ ಬೇಡ, ಹಳದಿ ಬಟ್ಟಲು ಸಾಕು. ಗಿರಣಿಯ ಪರೀಕ್ಷೆಗೆ ದೊಡ್ಡಕ್ಕ ತಾವೇ ಹೋಗಿ ಸರದಿಯ ಮೊದಲಲ್ಲಿ ನಿಂತರು. ಮಗ್ಗ ಉಳಿಯಿತು.

ದೂರದ ಊರಿನಿಂದ ಫೋನಿನಲ್ಲಿ ಸಿಕ್ಕ ವಿಜ್ಞಾನಿ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. "ನಮ್ಮಲ್ಲಿ ಕಿವಿ ಪರೀಕ್ಷೆ ಮಾಡೋವಾಗ ಮೊದಲು ಬಾಯಿ ಮರೆ ಮಾಡ್ಕೋತೀವಿ. ನೂರಾರು ಜನಕ್ಕೆ ಕಲಿಸಿದೀನಿ ಅದನ್ನ. ಅಕ್ಕನ ಜೊತೆ ಮಾತ್ರ ಆ ಭಾನುವಾರದವರೆಗೂ ಮುಖ ಕಾಣದೆ ಮಾತಾಡಿದ್ದೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ನಾನೇ ಆ ದೀಪ."

ಲಾಳಿಗೆ ಈ ಕಥೆಯಿಡೀ ಬಾಯಿಪಾಠವಾಗಿದೆ. "ದಿಂಬು ಹರಿದು ಮಾಡಿದ ಮದ್ದಲ್ವಾ," ಎನ್ನುತ್ತಾರೆ. "ರೋಗಾನೂ ಅದೇ ಕೊಡ್ತು, ಕಿವೀನೂ ಅದೇ ಉಳಿಸ್ತು. ವಿಜ್ಞಾನಿ ತಮ್ಮ ಇದ್ರೆ ಹಿಂಗೇ."

ಚಹಾದ ಹೊತ್ತು ಮುಗಿದಿದೆ. ದೊಡ್ಡಕ್ಕ ಲೋಟ ತೊಳೆದಿಟ್ಟು ಹಳದಿ ಬಟ್ಟಲುಗಳನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ಇಲ್ಲ ಎನ್ನುತ್ತಾರೆ. ಬಾಗಿಲ ತನಕ ಹೋಗಿ ನಿಲ್ಲುತ್ತಾರೆ.

"ಹೋದ ವರ್ಷ ಅವನ ದೊಡ್ಡ ಭಾಷಣಕ್ಕೆ ಕರೆಸ್ಕೊಂಡಿದ್ದ. ಮುಂದಿನ ಸಾಲಲ್ಲಿ ಕೂರಿಸಿದ್ರು. ಅಕ್ಕ ಅಂತ ಮರ್ಯಾದೆ ಕೊಟ್ಟೆವು ಅಂದ್ಕೊಂಡ್ರು, ನಾನು ತುಟಿ ಕಾಣತ್ತಲ್ಲ ಅಂತ ಬದುಕಿದೆ. ಒಂದು ಸಲಾನೂ ಕಣ್ಣು ಕದಲಿಸದೆ ನೋಡಿ ನೋಡಿ ಕತ್ತು ಹಿಡ್ಕೊಂಡಿತ್ತು. ಮುಂದಿನ ಸಲ ಕರೆದ್ರೆ ಕಡೇ ಸಾಲಲ್ಲಿ ಕೂತ್ಕೋತೀನಿ. ಕಣ್ಣು ಮುಚ್ಕೊಂಡು ಕೇಳ್ತೀನಿ. ನಿದ್ದೆ ಹೋದಳು ಅಂತ ಯಾರಾದ್ರೂ ಅಂದ್ಕೊಂಡ್ರೆ ಅಂದ್ಕೊಳ್ಳಲಿ."