ಮನೆದೇವರು ಕೇಳಿದ ಯಂತ್ರ

ಯಂತ್ರಕ್ಕೆ ನೀತಿ ಕಲಿಸುವ ಕೆಲಸ ರಮಾನಾಥರಿಗೆ ಸಿಕ್ಕಿದೆ ಎಂದರೆ ಅವರ ಕೈಕೆಳಗೆ ದುಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕಾರು. ಉಡುಪಿ ಕಡೆಯ ಈ ಮನುಷ್ಯ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವರು. ಅವರು ಕಣ್ಣು ಕೆಂಪಗೆ ಮಾಡಿದರೆ ಸಪ್ಲೈಯರ್ ಕೈಯ ಲೋಟ ನಡುಗುತ್ತಿತ್ತು. ಈಗ ವಯಸ್ಸು ಅರವತ್ತೇಳು. ಹೆಂಡತಿ ವಿನೋದಿನಿ ತೀರಿಕೊಂಡು ಮೂರು ವರ್ಷವಾಯಿತು, ಮಕ್ಕಳಿಲ್ಲ. ಘಾಟ್ಕೋಪರಿನ ಪುಟ್ಟ ಫ್ಲ್ಯಾಟಿನಲ್ಲಿ ಟಿವಿಯ ಸದ್ದೇ ಜೊತೆ. ಹಾಲಿನವನೊಡನೆ ಎರಡು ಮಾತಾಡಲೆಂದೇ ಬೆಳಿಗ್ಗೆ ಬಾಗಿಲಲ್ಲಿ ಕಾಯುತ್ತಾರೆ. ಅವನು ಪ್ಯಾಕೆಟ್ ಕೊಟ್ಟವನೇ ಲಿಫ್ಟಿಗೆ ಓಡುತ್ತಾನೆ.

ಮೇಲಿನ ಮಹಡಿಯ ಪ್ರಣೀತಾಳ ಕಂಪನಿಯವರು ಹೋಟೆಲ್ ಕೆಲಸ ಹುಡುಕುವವರಿಗಾಗಿ ಕನ್ನಡದಲ್ಲಿ ಮಾತಾಡುವ ಒಂದು ಎಐ ತಯಾರಿಸುತ್ತಿದ್ದಾರೆ. ಅದರ ಮಾತಿನಲ್ಲಿ ಅನ್ಯಾಯವಿದೆಯೇ ಎಂದು ಪರೀಕ್ಷಿಸಲು ಇನ್ನೊಂದು ಸಾಫ್ಟ್‌ವೇರ್ ಇದೆ. ಅವಮಾನ ಮಾಡಿತೇ, ಜಾತಿ ಕೇಳಿತೇ ಎಂದು ನೋಡಿ ಅದು ತಾನೇ ಹಸಿರು ಇಲ್ಲವೇ ಕೆಂಪು ಗುರುತು ಹಾಕುತ್ತದೆ. ಆ ಗುರುತು ಸರಿಯೇ ಎಂದು ಮನೆಯಲ್ಲೇ ಕೂತು ನೋಡುವುದು ರಮಾನಾಥರ ಪಾಲಿನ ಕೆಲಸ.

ಮೊನ್ನೆ ಮಂಗಳವಾರ, ಅಡುಗೆ ಕೆಲಸ ಬೇಕೆಂದವನೊಬ್ಬನನ್ನು ಎಐ ಬಹಳ ನಯವಾಗಿ ಕೇಳಿತ್ತು: “ನಿಮ್ಮ ಮನೆದೇವರು ಯಾವುದು?” ಅವನು ಉತ್ತರ ಕೊಟ್ಟ ಮೇಲೆ ಟೇಬಲ್ ಒರೆಸುವ ಕೆಲಸ ಸೂಚಿಸಿತ್ತು. ‘ಜಾತಿ ಕೇಳಿಲ್ಲ’ ಎಂಬಲ್ಲಿ ಹಸಿರು ಗುರುತು ಬಿದ್ದಿತ್ತು.

ರಮಾನಾಥರ ಕೈ ಅಲ್ಲೇ ನಿಂತಿತು. ಮನೆದೇವರ ಹೆಸರಿನಿಂದಲೇ ಜಾತಿ ತಿಳಿಯುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂವತ್ತು ವರ್ಷ ಅವರೂ ಅದನ್ನೇ ಕೇಳಿದ್ದರು. ಹಳೆಯ ಹೋಟೆಲ್ ಮ್ಯಾನೇಜರುಗಳ ಮಾತುಕತೆಯಿಂದಲೇ ಯಂತ್ರ ಕಲಿತದ್ದಂತೆ. ಒಳ್ಳೆಯ ಗುರುಗಳೇ ಸಿಕ್ಕಿದ್ದರು!

ಪ್ರಣೀತಾಳಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಅರ್ಥವಾಗಲಿಲ್ಲ. “ಅಂಕಲ್, ಮನೆದೇವ್ರು ಅಂದ್ರೆ ಫ್ಯಾಮಿಲಿ ಗಾಡ್ ನಾ? ಅದ್ರಲ್ಲಿ ಕ್ಯಾ ಪ್ರಾಬ್ಲಮ್? ನೀವು ರೆಡ್ ಹಾಕಿದ್ರೆ ಸಿಸ್ಟಮ್ ಪ್ರೂಫ್ ಕೇಳುತ್ತೆ. ಈ ಕ್ವೆಶ್ಚನ್‌ನಿಂದ ರಿಯಲ್ ಲೈಫಲ್ಲಿ ಯಾರಿಗೆ ಲಾಸ್ ಆಯ್ತು, ಅವ್ರನ್ನ ಕೇಳಿ ಬರೀಬೇಕು.”

ಯಾರಿಗೆ ಎಂದು ರಮಾನಾಥರಿಗೆ ಚೆನ್ನಾಗಿ ಗೊತ್ತಿತ್ತು. ವಿಜಯಪುರ ಕಡೆಯ ಶ್ರೀಮಂತ ಅವರ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ. ಅಡುಗೆಯ ಭಟ್ಟರು ರಜೆ ಹಾಕಿದ ದಿನ ಅವನು ಕೆಲಸದವರಿಗೆಂದು ಮಾಡಿದ ಸಾರನ್ನು ರಮಾನಾಥರೇ ಎರಡು ಸಲ ಹಾಕಿಸಿಕೊಂಡಿದ್ದರು. ಮರುದಿನ ಅವನು ಅಡುಗೆಮನೆಗೆ ಸೇರಿಸಿಕೊಳ್ಳಿ ಎಂದಾಗ ಮನೆದೇವರು ಯಾವುದೆಂದು ಕೇಳಿ, “ನೋಡುವ” ಎಂದರು. ಹನ್ನೊಂದು ವರ್ಷ ಅವನು ಟೇಬಲ್ಲನ್ನೇ ಒರೆಸಿದ.

ಈಗ ಬೊರಿವಲಿಯಲ್ಲಿ ಅವನದೇ ಖಾನಾವಳಿ ಇದೆ. ರಮಾನಾಥರು ನಂಬರು ಹುಡುಕಿ ಫೋನು ಮಾಡಿ ಎಲ್ಲ ವಿವರಿಸಿದರು. “ನಿನ್ನ ವಿಷಯ ಬರೆಯುವಾ ಅಂತ ಮಾರಾಯ. ಇಲ್ಲದಿದ್ರೆ ಆ ಮೆಷಿನ್ ಎಲ್ಲರಿಗೂ ಹಾಗೇ ಮಾಡ್ತದೆ.”



“ಮಷೀನಿನ ತಪ್ಪು ಹೇಳಾಕ ಫೋನ್ ಮಾಡೀರಿ. ನಿಮ್ಮದು ಯಾವಾಗ ಹೇಳಾವ್ರು, ಸೇಠ್?” ಎಂದ ಶ್ರೀಮಂತ.

ರಮಾನಾಥರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಫೋನು ಇಟ್ಟುಬಿಡೋಣ ಎನಿಸಿತು, ಇಡಲಿಲ್ಲ. “ತಪ್ಪಾಯ್ತು ಶ್ರೀಮಂತ. ನಾನು ನಿನಗೆ ಅನ್ಯಾಯ ಮಾಡಿದೆ.”

“ಆತ್ರೀ. ನನ್ನ ಹೆಸರು ಹಾಕೇ ಬರೀರಿ.”

ಅಷ್ಟಕ್ಕೇ ಮಾತು ಮುಗಿಯುವುದು ರಮಾನಾಥರಿಗೆ ಬೇಕಿರಲಿಲ್ಲ. “ಒಂದು ಸಲ ಮನೆಗೆ ಬಾ. ನಾನೊಬ್ಬನೇ ಇರುವುದು. ಒಟ್ಟಿಗೆ ಊಟ ಮಾಡುವ.”

“ಬರೂದಿಲ್ರೀ,” ಎಂದ ಅವನು, ಸಿಟ್ಟಿಲ್ಲದೆ. “ಹನ್ನೊಂದು ವರ್ಷ ಒಳಗ ಕರೀತೀರಿ ಅಂತ ಕಾದೀನಿ. ಈಗ ಆ ಆಸೆ ಹೋಗೈತಿ.”

ರಮಾನಾಥರು ಕೆಂಪು ಗುರುತು ಹಾಕಿದರು. ನಷ್ಟವಾದವನ ಹೆಸರು ಶ್ರೀಮಂತ ಎಂದೂ, ಪ್ರಶ್ನೆ ಕೇಳಿದವನು ತಾನೇ ಎಂದೂ ಬರೆದರು. ಆಮೇಲೆ ಎದ್ದು ಹೋಗಿ ಒಬ್ಬರಿಗಾಗುವಷ್ಟು ಅಕ್ಕಿ ತೊಳೆದಿಟ್ಟರು.