ಸದ್ದಿಲ್ಲದ ಕಾಯಿ

ತಮ್ಮ ಕಳಿಸಿದ ಗೋಣಿಚೀಲ ಮೂರು ದಿನದಿಂದ ನಮ್ಮ ತಿಪಟೂರಿನ ಮನೆಯ ಮೆಟ್ಟಿಲ ಕೆಳಗೆ ಕೂತಿದೆ. ಊರಿನ ಮನೆಯ ಅಟ್ಟದ ಹಲಗೆ ಬದಲಾಯಿಸಬೇಕಾಗಿ ಬಂದು ಕಾಯೆಲ್ಲ ಕೆಳಗಿಳಿಸಿದನಂತೆ. ಅಪ್ಪ ಕೊನೆಯ ಸಲ ಅಟ್ಟಕ್ಕೆ ಹಾಕಿದ ಕಾಯಿ, ನಿನ್ನ ಹತ್ತಿರವೂ ಒಂದಷ್ಟು ಇರಲಿ ಎಂದು ಬಸ್ಸಿಗೆ ಹಾಕಿ ಕಳಿಸಿದ. ಅಪ್ಪ ಹೋಗಿ ಎಂಟು ತಿಂಗಳಾಯಿತು. ಚೀಲ ಬಿಚ್ಚಲು ಮನಸ್ಸಾಗಿರಲಿಲ್ಲ. ಇವತ್ತು ಬೆಳಿಗ್ಗೆ ಕಸ ಗುಡಿಸುವಾಗ ಅದರ ಬಾಯಿಗೆ ಕಟ್ಟಿದ್ದ ಹಗ್ಗ ಬಿಚ್ಚಿದೆ. ಅಟ್ಟದ ಧೂಳು, ಒಲೆಯ ಹೊಗೆ, ಒಣಗಿದ ನಾರು ಎಲ್ಲ ಕಲೆತ ವಾಸನೆ ಮೂಗಿಗೆ ಬಂತು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ.

ನೀವು ನಮ್ಮ ಕಡೆಯವರಲ್ಲದಿದ್ದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಕೊಬ್ಬರಿ ಮಾಡುವುದು ಕಾಯಿ ಒಡೆದು ಬಿಸಿಲಿಗಿಟ್ಟಲ್ಲ. ಇಡೀ ಕಾಯನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತೇವೆ. ವರ್ಷದ ಹತ್ತಿರ ಅದು ಅಲ್ಲೇ ಇರುತ್ತದೆ. ಮೊದಮೊದಲು ಅಲ್ಲಾಡಿಸಿದರೆ ಒಳಗಿನ ನೀರು ಗುಳುಗುಳು ಎನ್ನುತ್ತದೆ. ಕೊನೆಗೆ ಕೊಬ್ಬರಿ ಚಿಪ್ಪು ಬಿಟ್ಟು, ಉಂಡೆಯಾಗಿ ಲೊಟಲೊಟ ಎನ್ನುತ್ತದೆ. ಇವೆರಡರ ನಡುವೆ ನೀರೂ ಇಂಗಿ, ಉಂಡೆಯೂ ಬಿಡದೆ, ಯಾವ ಸದ್ದೂ ಇಲ್ಲದ ಒಂದು ಕಾಲ ಇದೆ. ಅವಸರದವರು ಆಗ ಕೆಟ್ಟುಹೋಯಿತೇನೋ ಎಂದು ಒಡೆದು ನೋಡಿ ಹಾಳು ಮಾಡುತ್ತಾರೆ. ನಮ್ಮಪ್ಪ ಅವಸರದವರಲ್ಲ. ಜೀವಮಾನವೆಲ್ಲ ಅವರು ಸದ್ದಿಲ್ಲದ ಕಾಯನ್ನು ನಂಬಿದವರು.

ಹದಿನೆಂಟು ವರ್ಷದ ಹಿಂದೆ, ಏಳು ತಿಂಗಳು ತುಂಬಿದ ಹೊಟ್ಟೆ ಹೊತ್ತು ನಾನು ತವರಿಗೆ ಹೋದೆ. ದಂಡಿನಶಿವರದಿಂದ ಒಂದಿಷ್ಟು ಒಳಗೆ ನಮ್ಮ ಊರು. ಅಮ್ಮ ತೀರಿಕೊಂಡು ಆಗ ಎರಡು ವರ್ಷ. ತಮ್ಮ ಮೈಸೂರಿನಲ್ಲಿ ಓದುತ್ತಿದ್ದ. ನನ್ನ ಗಂಡನಿಗೆ ಚಿಕ್ಕನಾಯಕನಹಳ್ಳಿಯ ಕಡೆ ಹೈಸ್ಕೂಲಿನಲ್ಲಿ ಕೆಲಸ, ಬರುವುದು ಭಾನುವಾರ ಮಾತ್ರ. ದಬ್ಬೇಘಟ್ಟದ ನಮ್ಮತ್ತೆ, "ಅಲ್ಲಿ ಯಾರವ್ರೆ ನೋಡ್ಕಳಕ್ಕೆ? ಇಲ್ಲೇ ಇದ್ಬುಡು" ಅಂದಿದ್ದರು. ಒಳ್ಳೆಯ ಮಾತೇ. ಆದರೆ ಚೊಚ್ಚಲು ತವರಿನಲ್ಲೇ ಆಗಬೇಕು ಎಂದು ಹಟ ಹಿಡಿದವಳು ನಾನು. ತವರು ಎಂದರೆ ಮನೆ ಎಂದುಕೊಂಡಿದ್ದೆ. ಹೋಗಿ ಚೀಲ ಇಳಿಸಿದ ಮೇಲೆ, ಒಳಗಿನಿಂದ ಯಾರೂ ನೀರಿನ ಚೊಂಬು ಹಿಡಿದು ಬರದಿದ್ದಾಗ, ಅದು ಅಮ್ಮನ ಇನ್ನೊಂದು ಹೆಸರಾಗಿತ್ತು ಎಂದು ಗೊತ್ತಾಯಿತು. ವಾಪಸು ಹೋಗುತ್ತೇನೆ ಎನ್ನಲು ಮರ್ಯಾದೆ ಬಿಡಲಿಲ್ಲ.

ಅಪ್ಪನಿಗೂ ನನಗೂ ಜಗಳವೇನೂ ಇರಲಿಲ್ಲ, ಮಾತೇ ಇರಲಿಲ್ಲ. ಇದ್ದಷ್ಟು ಕಾಲ ಅಮ್ಮ ಅವರದನ್ನು ನನಗೆ, ನನ್ನದನ್ನು ಅವರಿಗೆ ಮುಟ್ಟಿಸುತ್ತಿದ್ದಳು. ಈಗ ಇಬ್ಬರೂ ಊಟಕ್ಕೆ ಕೂತು ಸಾರಿನ ಉಪ್ಪಿನ ಬಗ್ಗೆ ಮಾತಾಡಿ ಏಳುತ್ತಿದ್ದೆವು. ಕೊಟ್ಟಿಗೆಯಲ್ಲಿ ಒಂದು ಗಬ್ಬದ ಹಸುವಿತ್ತು. ಅದು ಮೇವು ತಿಂದಿತಾ, ಸೊಂಟ ಇಳಿಯಿತಾ ಎಂದು ಅಪ್ಪ ದಿನಕ್ಕೆ ಹತ್ತು ಸಲ ವಿಚಾರಿಸುತ್ತಿದ್ದರು. ನನ್ನನ್ನು ಕೇಳಲು ಅವರಿಗೆ ಸಂಕೋಚ. ಆ ಹಸುವಿನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಅಂದರೆ ನಗಬೇಡಿ. ನೋವು ಎಲ್ಲಿಂದ ಶುರುವಾಗುತ್ತದೆ, ಶುರುವಾದದ್ದು ಗೊತ್ತಾಗುವುದು ಹೇಗೆ ಎಂದು ನಾನು ಕೇಳಬೇಕಾದವಳು ಗೋಡೆಯ ಮೇಲೆ ಫೋಟೋ ಆಗಿದ್ದಳು. ಮಧ್ಯಾಹ್ನ ಅಪ್ಪ ತೋಟಕ್ಕೆ ಹೋದಾಗ ಆ ಫೋಟೋದ ಕೆಳಗೆ ಕಾಲು ಚಾಚಿ ಕೂತು ಅತ್ತದ್ದುಂಟು.

ಬಾಯಿ ಬಿಡದ ಅಪ್ಪ ಕೈ ಮಾತ್ರ ಕಟ್ಟಿ ಕೂರಲಿಲ್ಲ. ಬಾಣಂತಿಯ ನೀರಿಗೆಂದು ಬಚ್ಚಲ ಮಗ್ಗುಲಲ್ಲಿ ಒಣಮಟ್ಟೆ, ಚಿಪ್ಪು ನನ್ನ ತಲೆಯೆತ್ತರ ಒಟ್ಟಿದರು. ತಮ್ಮ ಹಳೆಯ ಪಂಚೆಗಳನ್ನೆಲ್ಲ ಹಂಡೆಯಲ್ಲಿ ಕುದಿಸಿ, ಮಗುವಿನ ಬಟ್ಟೆಗೆ ಅಂತ ಹರಿದು ಮಡಿಸಿದರು. ಒಂದು ಮಡಿಕೆಯೂ ಇನ್ನೊಂದರ ಅಳತೆಗೆ ಬರಲಿಲ್ಲ. ಆಸ್ಪತ್ರೆಯ ಚೀಲವನ್ನೂ ಅವರೇ ತುಂಬಿದರು. ನಾನು ಬಿಚ್ಚಿ ನೋಡಿದರೆ ಫ್ಲಾಸ್ಕು, ಸೀರೆ, ವಿಭೂತಿ ಗಟ್ಟಿಯ ಜೊತೆಗೆ ನಾಲ್ಕೈದು ಮಾರುದ್ದದ ತೆಂಗಿನ ನಾರಿನ ಹಗ್ಗ. ಹೆರಿಗೆಗೆ ಹಗ್ಗ ಯಾಕಪ್ಪ ಎಂದು ಕೇಳಿದೆ.

"ಇರ್ಲಿ ಬುಡು" ಅಂದರು. ಹಗ್ಗವಿಲ್ಲದೆ ಅವರು ಹೊಲಕ್ಕೂ ಹೋದವರಲ್ಲ.

ಒಂಬತ್ತಕ್ಕೆ ಬಿದ್ದ ಮೇಲೆ ಒಂದು ದಿನ ಬೆಳಿಗ್ಗೆಯಿಂದ ಮಗು ಮಿಸುಕಲಿಲ್ಲ. ಬೆಲ್ಲ ತಿಂದೆ, ಎಡ ಮಗ್ಗುಲಿಗೆ ಮಲಗಿದೆ, ಹೊಟ್ಟೆಯ ಮೇಲೆ ಕೈಯಿಟ್ಟು ಕರೆದೆ. ಹಾಗೆ ಸಂಜೆಯಾಯಿತು. ಇಂಥದ್ದನ್ನು ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು? ಅವರು ಅಟ್ಟದಿಂದ ಇಳಿದು, ಜಗಲಿಯ ಮೇಲೆ ಕೂತು ಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಕಂಬ ಹಿಡಿದು ನಿಂತು, ಯಾಕೋ ಬೆಳಿಗ್ಗೆಯಿಂದ ಸುಮ್ಮನಿದೆ ಎಂದು ನೆಲಕ್ಕೆ ಹೇಳಿದೆ. ಅಪ್ಪ ಕೈಯಲ್ಲಿದ್ದ ಕಾಯನ್ನು ಮತ್ತೊಮ್ಮೆ ಕಿವಿಗೆ ಹಿಡಿದರು.

"ಸದ್ದಿಲ್ಲ ಅಂದ್ರೆ ಕೆಟ್ಟೋಯ್ತು ಅಂತಲ್ಲ ಕಣವ್ವ. ನೀರಿಂಗಿ ಒಳಗೊಳಗೇ ಕೂಡ್ಕತಾ ಇರ್ತದೆ. ಆಗ ಕೆದಕಬಾರ್ದು."

ನಾನು ಅದನ್ನು ನಂಬಿದೆ. ಓದಿದವಳು, ಡಾಕ್ಟರಮ್ಮ ಹೇಳಿದ್ದೆಲ್ಲ ಕೇಳಿದ್ದವಳು, ಆದರೂ ನಂಬಿದೆ. ಯಾಕೆಂದರೆ ನನ್ನ ಬಸಿರಿನ ಬಗ್ಗೆ ಅಪ್ಪ ಆಡಿದ ಮೊದಲ ಮಾತು ಅದು, ಅಷ್ಟು ಉದ್ದದ್ದು. ಒಂದು ಮಾತಿಗೆ ಎಷ್ಟು ಹಸಿದಿದ್ದೆ ಎಂದರೆ, ಅದು ಸರಿಯೋ ತಪ್ಪೋ ಎಂದು ನೋಡಲಿಲ್ಲ. ನೆಮ್ಮದಿಯಾಗಿ ಮುದ್ದೆ ಉಂಡು ಮಲಗಿದೆ.

ಮಾರನೆಯ ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ರತ್ನಕ್ಕ ಕಬ್ಬಿಣದ ಮಾತ್ರೆ ಕೊಡಲು ಬಂದಳು. ಮಾತಿನ ಮೇಲೆ ಮಾತು ಬಂದು ಮಗು ಮಿಸುಕದ್ದನ್ನು ಹೇಳಿದೆ, ಅಪ್ಪನ ಕಾಯಿಯ ಮಾತನ್ನೂ ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. ಅಂಗಳದಲ್ಲಿದ್ದ ಅಪ್ಪನ ಕಡೆ ತಿರುಗಿ, "ಕಾಯಿ ಲೆಕ್ಕನ ಹೊಟ್ಟೆಗೆ ಹಾಕ್ತಾರೇನಣ್ಣ? ಏಳಿ, ಮೊದ್ಲು ಆಟೋ ಕರೀರಿ" ಅಂದಳು.

ಆಟೋದಲ್ಲಿ ಅಪ್ಪ ಮುಂದೆ ಡ್ರೈವರ್ ಪಕ್ಕ ಕೂತಿದ್ದರು. ಹಿಂದಿನಿಂದ ಅವರ ಕತ್ತು ಮಾತ್ರ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಅಲ್ಲಿ ಇಲ್ಲಿ ಒತ್ತಿ ಹುಡುಕಿದರು. ಆ ಹೊತ್ತಿನಲ್ಲಿ ನಾನು ಅಮ್ಮನನ್ನು ಕರೆಯಲಿಲ್ಲ, ದೇವರನ್ನೂ ಕರೆಯಲಿಲ್ಲ. ನನ್ನ ಹಟವನ್ನು ಬೈದುಕೊಳ್ಳುತ್ತಿದ್ದೆ. ಆಮೇಲೆ ಹಿಟ್ಟಿನ ಗಿರಣಿಯ ಬೆಲ್ಟಿನ ಹಾಗೆ ಟಪಟಪ ಸದ್ದು ಕೋಣೆಯೆಲ್ಲ ತುಂಬಿತು. ಮಗು ಇದೆ, ಆದರೆ ಅದರ ಸುತ್ತ ನೀರು ಕಮ್ಮಿಯಾಗಿದೆ, ಇನ್ನೂ ತಡ ಮಾಡಿದ್ದರೆ ಏನಾಗುತ್ತಿತ್ತೋ ಹೇಳುವ ಹಾಗಿಲ್ಲ ಅಂದರು ಡಾಕ್ಟರಮ್ಮ. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೂ ಅದು ಕೇಳಿಸಿತು. ನೀರಿಂಗುವುದು ಒಳ್ಳೆಯದೆಂದೇ ತಿಳಿದು ಬಾಳಿದ ಮನುಷ್ಯ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಎರಡು ದಿನ ಇರಿಸಿಕೊಂಡು, ಡ್ರಿಪ್ಪು ಹಾಕಿ, ಊಟವಾದ ಮೇಲೆಲ್ಲ ಮಗು ಆಡುತ್ತದಾ ನೋಡಿ, ಕಮ್ಮಿಯಾದರೆ ತಕ್ಷಣ ಬನ್ನಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ದಿನವೇ ಅಪ್ಪ ದೋಟಿಗೆ ಕುಡುಗೋಲು ಕಟ್ಟಿ ಎಳನೀರು ಇಳಿಸಿದರು. ಕೊಬ್ಬರಿಯವರ ಮನೆಯಲ್ಲಿ ಎಳನೀರು ಕೀಳುವುದೆಂದರೆ ಎಳೆಗರುವನ್ನು ಮಾರಿದಷ್ಟು ಸಂಕಟ. ನೆಂಟರಿಗೂ ಕೀಳದವರು ನನಗೆ ದಿನಾ ಕಿತ್ತರು. ಮತ್ತೆ ಒಂದು ಮಾತು ಕಲಿತರು. ಮೂರು ಹೊತ್ತೂ ನನ್ನ ಊಟವಾದ ಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು, ಮುಖ ಕೊಟ್ಟಿಗೆಯ ಕಡೆ ತಿರುಗಿಸಿ, "ಆಡ್ತಾ?" ಅನ್ನುತ್ತಿದ್ದರು. ನಾನು "ಹ್ಞೂಂ" ಅನ್ನುತ್ತಿದ್ದೆ. ಅಷ್ಟೇ. ಹೆರಿಗೆಯವರೆಗಿನ ಆ ಹದಿನೈದು ದಿನ ನಾನು ಅಳಲಿಲ್ಲ.

ಹೆರಿಗೆಯ ನೋವು ಎಲ್ಲಿಂದ ಶುರುವಾಗುತ್ತದೆ ಎಂದು ಯಾರೂ ಹೇಳಿಕೊಡದೆಯೇ ಗೊತ್ತಾಯಿತು. ಮಗಳು ಹುಟ್ಟಿದಳು. ಅವಳ ಅಳು ಆಸ್ಪತ್ರೆಯ ಹೊರಗಿನ ಬೇವಿನ ಮರದವರೆಗೂ ಕೇಳಿಸಿತಂತೆ. "ಬಾಯಿ ಜೋರೈತೆ" ಅಂದರು ಅಪ್ಪ, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತ. ಅಳತೆಗೆ ಬಾರದ ಆ ಬಟ್ಟೆಗಳನ್ನೆಲ್ಲ ಒಗೆದು, ವಾರ್ಡಿನ ಕಿಟಕಿಯಿಂದ ಕಂಬಕ್ಕೆ ಬಿಗಿದ ಅದೇ ನಾರಿನ ಹಗ್ಗದ ಮೇಲೆ ಅವರೇ ಒಣಗಿಸಿದರು. ಅಕ್ಕಪಕ್ಕದ ಬಾಣಂತಿಯರೂ ಹಗ್ಗ ಕೇಳಿಕೊಂಡು ಬಂದರು. ಅಪ್ಪ ನನ್ನ ಕಡೆ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಆಮೇಲೆ ಅಪ್ಪ ತೀರಿಹೋಗುವ ತನಕವೂ ಫೋನು ಮಾಡಿದಾಗೆಲ್ಲ ಅವರ ಮೊದಲ ಮಾತು ಅದೇ. ಮೊಮ್ಮಗಳಿಗೂ ಅದೇ. "ಆಡ್ತಾ?" ಅಂದರೆ ಚೆನ್ನಾಗಿದ್ದೀಯಾ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಎಂಟು ತಿಂಗಳಿಂದ ನನ್ನನ್ನು ಹಾಗೆ ಕೇಳುವವರಿಲ್ಲ. ನಾನೂ ಯಾರನ್ನೂ ಕೇಳಿಲ್ಲ.

ಮಗಳು ಈಗ ಹಾಸನದ ಹಾಸ್ಟೆಲಿನಲ್ಲಿದ್ದಾಳೆ, ಕಾಲೇಜು ಸೇರಿ ಎರಡು ತಿಂಗಳು. ಮೊದಲು ಫೋನಿಟ್ಟರೆ ಸಾಕು ಅನ್ನಿಸುವಷ್ಟು ಮಾತು. ಹತ್ತು ದಿನದಿಂದ ಊಟ ಆಯ್ತು, ಸರಿ, ಹ್ಞೂಂ ಇಷ್ಟೇ. ಮೊನ್ನೆ ನನ್ನವರು ಯಾಕಂತೆ ಎಂದು ಕೇಳಿದಾಗ, ಹೊಸ ಜಾಗ, ತಾನಾಗಿ ಹೊಂದಿಕೊಳ್ಳುತ್ತಾಳೆ, ಕೆದಕಬಾರದು ಬಿಡಿ ಅಂದಿದ್ದೆ. ಇವತ್ತು ಸದ್ದಿಲ್ಲದ ಆ ಕಾಯಿ ಕೈಯಲ್ಲಿದ್ದಾಗ, ಅದು ಯಾರ ಮಾತು ಎಂದು ಹೊಳೆಯಿತು. ಕಾಯನ್ನು ಒಡೆಯದೆ ಚೀಲಕ್ಕೆ ಹಾಕಿದೆ, ಅದಕ್ಕೆ ಇನ್ನೂ ಮೂರು ತಿಂಗಳು ಬೇಕು. ಕೈಯ ಧೂಳು ಸೆರಗಿಗೆ ಒರೆಸಿ ಫೋನು ಮಾಡಿದೆ.

ಇಷ್ಟು ಹೊತ್ತಿಗೆ ಯಾಕಮ್ಮ, ಕ್ಲಾಸಿಗೆ ಹೊರಟಿದ್ದೀನಿ ಅಂದಳು.

"ಆಡ್ತಾ?" ಅಂದೆ.

ಆ ಕಡೆ ಏನೂ ಕೇಳಿಸಲಿಲ್ಲ. ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ. ಆಮೇಲೆ, "ಇಲ್ಲ ಅಮ್ಮ" ಅಂದಳು, ಅಳು ಒಡೆಯಿತು. ಹದಿನೆಂಟು ವರ್ಷವಾದರೂ ಬಾಯಿ ಜೋರಾಗಿಯೇ ಇದೆ. ಗೋಣಿಚೀಲದ ಮೇಲೆಯೇ ಕೂತು ಪೂರ್ತಿ ಕೇಳಿಸಿಕೊಂಡೆ, ನಡುವೆ ಸಮಾಧಾನ ಹೇಳಲಿಲ್ಲ. ಅವಳು ಮೂಗು ಒರೆಸಿಕೊಂಡ ಮೇಲೆ, "ಬತ್ತೀನಿ ಇರು" ಅಂದೆ.

ಹಾಸನದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಚೀಲಕ್ಕೆ ಒಂದು ಸೀರೆ, ಫ್ಲಾಸ್ಕು ಹಾಕಿಕೊಂಡೆ. ಗೋಣಿಯ ಬಾಯಿಂದ ಬಿಚ್ಚಿದ ಹಗ್ಗ ಅಲ್ಲೇ ಬಿದ್ದಿತ್ತು. ಇರಲಿ ಎಂದು ಅದನ್ನೂ ಸುತ್ತಿ ಹಾಕಿಕೊಂಡೆ.