ಮನೆಗೊಂದು ಕಾರ್ಡು

ನನ್ನ ಗಂಡನನ್ನು ನಮ್ಮ ಸಂಘದವರು ಈಗ ‘ಉಪಾಧ್ಯಕ್ಷರೇ’ ಎಂದು ಕರೆಯುತ್ತಾರೆ. ಸ್ಪೀಕರ್ ಫೋನಿನಲ್ಲಿ ಆ ಮಾತು ಕೇಳಿಸಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತೇನೆ. ಅವರಿಗೆ ಕೇಳಿಸಲಿ ಎಂದೇ ಇಡುವುದು.

ನಾವಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಇಲ್ಲಿ ನಮಗೆ ಮತವಿಲ್ಲ, ಅದನ್ನು ಬಯಸಿ ಬಂದವರೂ ನಾವಲ್ಲ. ಊರಿನಲ್ಲಿ ಮತವಿದೆ, ಆದರೆ ಚುನಾವಣೆಯ ಹೊತ್ತಿಗೆ ರಜೆ ಸಿಗುವುದಿಲ್ಲ. ಹಾಗಾಗಿ ನಮ್ಮ ಕರಾವಳಿ ಕನ್ನಡಿಗರ ಸಂಘದ ಚುನಾವಣೆ ಎಂದರೆ ಎಲ್ಲರಿಗೂ ಎಲ್ಲಿಲ್ಲದ ಹುರುಪು. ವರ್ಷವಿಡೀ ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡು ನಿಂತವರು ಆ ತಿಂಗಳಲ್ಲಿ ‘ಎಂತ ಅಕ್ಕ, ಆರಾಮಾ?’ ಎಂದು ಹಲ್ಲು ಕಿರಿಯುತ್ತಾರೆ. ಸಂಘದ ರಾಜಕೀಯ ಎಂದು ನಗಬೇಡಿ. ದೊಡ್ಡ ರಾಜಕೀಯದಲ್ಲಿ ಇರುವುದೆಲ್ಲ ಇಲ್ಲೂ ಇದೆ, ಇಲ್ಲಿ ಚಹಾದ ಜೊತೆ ಗೋಳಿಬಜೆ ಹೆಚ್ಚು ಅಷ್ಟೇ.

ಸಂಘದ್ದೊಂದು ಹಳೆಯ ಪದ್ಧತಿ: ಮನೆಗೊಂದು ಕಾರ್ಡು. ಹಳದಿ ಬಣ್ಣದ ಆ ಕಾರ್ಡಿನಲ್ಲಿ ಗಂಡನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಕುಟುಂಬ’. ಸಭೆಯಲ್ಲಿ ಕಾರ್ಡು ಎತ್ತುವುದು ಗಂಡಸು. ಆ ‘ಮತ್ತು ಕುಟುಂಬ’ ನಾನು. ಕೋಸಂಬರಿ ಕಲಸಲು, ರಂಗೋಲಿ ಹಾಕಲು, ಮಕ್ಕಳ ನಾಟಕಕ್ಕೆ ಸೀರೆ ಉಡಿಸಲು ಮಹಿಳಾ ವಿಭಾಗ ಬೇಕು. ಮತ ಮಾತ್ರ ಮನೆಗೊಂದೇ.

ಪ್ರಜಾಪ್ರಭುತ್ವದಲ್ಲಿ ನನಗೆ ನಂಬಿಕೆ ಇದೆ, ಆದರೆ ಘೋಷಣೆ ಕೂಗುವ ಜಾತಿಯವಳಲ್ಲ ನಾನು. ಭಾರತೀಯ ಶಾಲೆಯೊಂದರ ಬಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರತಿಯೊಬ್ಬ ತಾಯಿಗೂ ಬಸ್ಸು ತನ್ನ ಬಾಗಿಲಿಗೇ ಬರಬೇಕು. ಬಂದರೆ ಒಂದು ಮಗುವೂ ಬೆಲ್ಲಿನ ಹೊತ್ತಿಗೆ ಶಾಲೆ ಮುಟ್ಟುವುದಿಲ್ಲ. ‘ನೀವು ಆ ತಿರುವಿನ ತನಕ ಬನ್ನಿ, ನಾನು ಬಸ್ಸನ್ನು ಈ ಗಲ್ಲಿಗೆ ತರಿಸ್ತೇನೆ’ ಎನ್ನುವುದೇ ನನ್ನ ಕಸುಬು. ಪೂರ್ತಿ ಬೇಕು ಎಂದು ಹಟ ಹಿಡಿದವರು ಬರಿಗೈಯಲ್ಲಿ ಹೋದದ್ದನ್ನು ನಾನು ದಿನಾ ನೋಡುತ್ತೇನೆ. ಅದಕ್ಕೇ ಮನೆಯಲ್ಲಿ, ಸಂಘದಲ್ಲಿ, ಟಿ.ವಿ. ಚರ್ಚೆಯ ಎದುರಿನಲ್ಲಿ ನನ್ನದು ಒಂದೇ ಮಾತು: ಸ್ವಲ್ಪ ಬಿಟ್ಟುಕೊಡಿ, ಮೊದಲು ಒಳಗೆ ಹೋಗಿ, ಆಮೇಲೆ ಬದಲಾಯಿಸಿ.

ಈಗ ಟೀಚರ್ ವಿಷಯಕ್ಕೆ ಬರುತ್ತೇನೆ. ಪುತ್ತೂರು ಕಡೆಯವರು, ನನಗಿಂತ ಚಿಕ್ಕವರು. ಸಂಘದ ಶನಿವಾರದ ಕನ್ನಡ ತರಗತಿಯನ್ನು ಶುರು ಮಾಡಿದವರೇ ಅವರು. ಸದಸ್ಯರೊಬ್ಬರ ವಿಲ್ಲಾದ ಹೊರಕೋಣೆಯಲ್ಲಿ ಪಾಠ. ‘ಟೀಚರ್, ಲ ಒಂದು, ಳ ಒಂದು, ವೈ ಟು?’ ಎಂದು ಕೇಳುವ ಮಕ್ಕಳಿಗೆ ಅವರು ಅ ಆ ಇ ಈ ಕಲಿಸಿದರು. ನನ್ನ ಮಗಳು ಊರಿಗೆ ಹೋದಾಗ ಬಸ್ಸಿನ ಬೋರ್ಡು ತಾನೇ ಓದಿ ನನ್ನ ಅಮ್ಮನನ್ನು ಅಳಿಸಿದ್ದು ಅವರ ಪಾಠದಿಂದ. ಸಂಬಳ ಗಿಂಬಳ ಏನಿಲ್ಲ. ಮಕ್ಕಳಿಲ್ಲದ ಅವರಿಗೆ ಆ ಶನಿವಾರವೇ ಸಂಸಾರ.

ಅವರ ಗಂಡ ಹೃದಯಾಘಾತದಿಂದ ತೀರಿಕೊಂಡರು. ಟೀಚರ್ ಊರಿಗೆ ಹೋಗಿ ಕಾರ್ಯ ಮುಗಿಸಿ, ಇಲ್ಲಿ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೆಲಸ ಹಿಡಿದು ತಮ್ಮದೇ ವೀಸಾದಲ್ಲಿ ವಾಪಸಾದರು. ಅಷ್ಟರಲ್ಲಿ ಸಂಘದಲ್ಲಿ ಯಾರೋ ಹಳೆಯ ನಿಯಮವೊಂದನ್ನು ಎತ್ತಿ ತೋರಿಸಿದರು. ಗಂಡ ಹೋದ ಮೇಲೆ ಕಾರ್ಡೂ ಹೋಯಿತು, ಕಾರ್ಡಿಲ್ಲದವರು ಅತಿಥಿ, ಅತಿಥಿ ತರಗತಿ ನಡೆಸುವ ಹಾಗಿಲ್ಲ! ಹೊಸ ಸಮಿತಿ ಬರುವ ತನಕ ಮಾತ್ರ ಪಾಠ ನಡೆಯಲಿ ಎಂದು ಬಿಟ್ಟರು. ರಾಜ್ಯೋತ್ಸವದ ಊಟಕ್ಕೆ ಟೀಚರ್ ಅತಿಥಿ ಟಿಕೆಟ್ ತೆಗೆದುಕೊಂಡು ಬಂದು, ತಾವು ಕಲಿಸಿದ ಮಕ್ಕಳ ಹಾಡನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. ನಾನು ಎದ್ದು ಹೋಗಿ ಅವರ ಪಕ್ಕ ಕೂತೆ.

ನಾನೂ ಟೀಚರೂ ಸೇರಿ ಎರಡು ಬೇಡಿಕೆ ಮಾಡಿದೆವು. ಒಂದು, ಹೆಂಡಂದಿರಿಗೂ ಬೇರೆ ಕಾರ್ಡು ಬೇಕು. ಎರಡು, ಇಲ್ಲಿ ಒಬ್ಬರೇ ಇರುವ ಹೆಂಗಸರಿಗೂ, ವಿಧವೆಯರಿಗೂ, ಅಲ್ ಐನ್ ಪಟ್ಟಣದ ಆಸ್ಪತ್ರೆಗಳ ನರ್ಸುಗಳಿಗೂ ಸದಸ್ಯತ್ವ ಬೇಕು. ಆ ವರ್ಷ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು ದುಬೈಯಲ್ಲಿ ವ್ಯಾಪಾರ ಮಾಡುವ ಹಿರಿಯರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. ಮತ ಕೇಳಲು ನಮ್ಮ ಮನೆಗೆ ಬಂದರು. ನೀರುದೋಸೆ ತಿಂದರು, ಇನ್ನೆರಡು ಹಾಕಿಸಿಕೊಂಡರು, ಬೇಡಿಕೆ ಕೇಳಿದರು.

“ತಂಗೀ, ಎರಡೂ ಒಟ್ಟಿಗೆ ಇಟ್ರೆ ಗಂಡಸರು ಹೆದರ್ತಾರೆ ಮಾರಾಯ್ತಿ. ಎರಡನೆಯದ್ದು ಈ ಸಲ ಬಿಡು. ಮೊದಲನೆಯದ್ದು ನಾನೇ ಸಭೆಯಲ್ಲಿ ತರ್ತೇನೆ. ಹೆಂಡಂದಿರ ಕೈಗೆ ಕಾರ್ಡು ಬಂದ್ರೆ ಬರುವ ವರ್ಷ ಟೀಚರದ್ದು ನೀವೇ ಪಾಸು ಮಾಡ್ಬಹುದಲ್ಲ?”

ಆ ಲೆಕ್ಕಾಚಾರ ನನ್ನ ಬಾಯಿಂದಲೇ ಬಂದ ಹಾಗಿತ್ತು. ಅಲ್ಲಿಯ ತನಕ ತರಗತಿಯನ್ನು ಯಾರೂ ಮುಟ್ಟುವುದಿಲ್ಲ ಎಂದೂ ಮಾತು ಕೊಟ್ಟರು. ನನ್ನ ಗಂಡ ಪಕ್ಕದಲ್ಲೇ ಕೂತು ಹೌದು ಹೌದು ಎಂದು ತಲೆಯಾಡಿಸಿದರು. ಇಬ್ಬರಿಗೂ ಎರಡನೆಯ ಲೋಟ ಕಾಫಿ ಕೊಟ್ಟವಳೂ ನಾನೇ.

ಟೀಚರನ್ನು ಒಪ್ಪಿಸುವುದು ಸುಲಭವಾಗಲಿಲ್ಲ.

“ಅಕ್ಕಾ, ಬರುವ ವರ್ಷ ಅಂತ ಹೇಳುವವರನ್ನು ನಾನು ತುಂಬ ನೋಡಿದ್ದೇನೆ,” ಎಂದರು. “ಇದು ನನ್ನ ಹೊಟ್ಟೆಪಾಡಿನ ವಿಷಯ ಅಲ್ಲ. ಆದ್ರೆ ಶನಿವಾರ ಆ ಮಕ್ಕಳು ಇಲ್ಲದಿದ್ರೆ ನಾನು ಆ ರೂಮಿನಲ್ಲಿ ಕೂತು ಎಂತ ಮಾಡುವುದು?”

“ಪೂರ್ತಿ ಕೇಳಿದ್ರೆ ಎಂತದೂ ಸಿಗ್ಲಿಕ್ಕಿಲ್ಲ ಟೀಚರ್. ನನ್ನ ಮೇಲೆ ನಂಬಿಕೆ ಉಂಟಲ್ಲ?”

“ನಿಮ್ಮ ಮೇಲೆ ಉಂಟು,” ಎಂದರು. ತಮ್ಮ ಬೇಡಿಕೆಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು.

ಅಣ್ಣ ಗೆಲ್ಲಲಿ ಎಂದು ನಾನು ಮಾಡಿದ ಕೆಲಸ ದೇವರಿಗೇ ಗೊತ್ತು. ಮನೆ ಮನೆಗೆ ಫೋನು ಮಾಡಿದೆ. ‘ಅವರೆಂತ ದೊಡ್ಡ ಸಾಚಾನಾ?’ ಎಂದು ಕೇಳಿದವರಿಗೆ, ‘ಸಾಚಾ ಯಾರು ಬೇಕು, ಕೆಲಸ ಮಾಡುವವರು ಬೇಕು’ ಎಂದೆ. ಅಣ್ಣನ ಗುಂಪು ಗೆದ್ದಿತು. ಆ ದಿನ ಮಧ್ಯಾಹ್ನವೇ ಮಹಾಸಭೆ, ಹೋಟೆಲೊಂದರ ಹಾಲಿನಲ್ಲಿ. ನನಗೆ ಹೊಸ ಸೀರೆಯ ಸಂಭ್ರಮ ಬೇರೆ.

ಗಂಡಸರು ಮುಂದೆ ಕಾರ್ಡು ಹಿಡಿದು ಕೂತಿದ್ದರು. ನಾವು ಹೆಂಗಸರು ಪಕ್ಕದ ಬಾಗಿಲ ಬಳಿ, ಊಟದ ಮೇಜಿನ ಹತ್ತಿರ. ಟೀಚರ್ ಅತಿಥಿಗಳ ಸಾಲಿನಲ್ಲಿ. ಅಣ್ಣ ಮಾತು ಉಳಿಸಿಕೊಂಡರು, ಅಂದರೆ ಪ್ರಸ್ತಾಪವನ್ನು ಓದಿದರು. ಮದುವೆ ಕಾಗದ ಓದಿದಷ್ಟೂ ಹುರುಪಿರಲಿಲ್ಲ ಅದರಲ್ಲಿ. ನಿಯಮ ಬದಲಿಸಲು ಮೂರರಲ್ಲಿ ಎರಡು ಪಾಲು ಕಾರ್ಡು ಬೇಕು. ‘ಪರವಾಗಿ ಇರುವವರು’ ಎಂದರು. ಅಲ್ಲೊಂದು ಇಲ್ಲೊಂದು ಹಳದಿ ಎದ್ದಿತು. ನಾನು ನನ್ನವರ ಕೈ ಹುಡುಕಿದೆ. ಕೈ ತೊಡೆಯ ಮೇಲಿತ್ತು. ಕೇಳಿಸಲಿಲ್ಲವೋ ಏನೋ ಎಂದುಕೊಂಡೆ. ಎಂಥ ಮುಟ್ಠಾಳಿ ನಾನು!

‘ವಿರೋಧ’ ಎಂದದ್ದೇ ತಡ, ನನ್ನ ಗಂಡನ ಕೈ ಎದ್ದಿತು. ಸಣ್ಣಗಲ್ಲ, ಪೂರ್ತಿ ತೋಳು ಚಾಚಿ. ಅಣ್ಣನ ಗುಂಪಿನ ಎಲ್ಲ ಕೈಗಳೂ ಒಟ್ಟಿಗೇ ಎದ್ದವು. ಆ ಕಾರ್ಡಿನಲ್ಲಿ ‘ಮತ್ತು ಕುಟುಂಬ’ ಎಂದು ನಾನೂ ಇದ್ದೆನಲ್ಲ? ನನ್ನ ಕೈಯನ್ನೂ ಹಿಡಿದು ನನ್ನ ವಿರುದ್ಧವೇ ಎತ್ತಿದರು ಆ ಮಹಾರಾಯರು. ನಾನು ಪಾಯಸದ ಸೌಟು ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಪದಾಧಿಕಾರಿಗಳ ಹೆಸರು ಓದಿದರು. ಉಪಾಧ್ಯಕ್ಷರು ಯಾರು ಎಂದು ಮೊದಲೇ ಹೇಳಿದ್ದೇನೆ.

ಕಾರಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ಮಗಳು ಹಿಂದೆ ಕೂತು “ಅಮ್ಮಾ, ಪ್ಲೀಸ್” ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಇವರು ಸಿಗ್ನಲ್ ನೋಡುತ್ತಾ ಸಮಾಧಾನದಲ್ಲಿ ಹೇಳಿದರು:

“ನೀನೇ ದಿನಾ ಹೇಳುವುದಲ್ವಾ, ಮೊದಲು ಒಳಗೆ ಹೋಗ್ಬೇಕು, ಆಮೇಲೆ ಬದಲಾಯಿಸ್ಬೇಕು ಅಂತ? ಅಣ್ಣನಿಗೆ ಎದುರು ಎತ್ತಿದ್ರೆ ನನ್ನ ಹೆಸರು ಬರ್ತಿತ್ತಾ? ಈಗ ನಾನು ಒಳಗೆ ಉಂಟು. ಸ್ವಲ್ಪ ಬಿಟ್ಟುಕೊಟ್ಟೆ, ಅಷ್ಟೇ.”

“ಬಿಟ್ಟುಕೊಟ್ಟದ್ದು ಯಾರದ್ದನ್ನು? ನಿಮ್ಮದ್ದಾ?”

ಅವರು ಎಫ್.ಎಂ. ಹಾಕಿದರು. ನೀರುದೋಸೆಯ ದಿನವೇ ಕೆಳಗೆ ಪಾರ್ಕಿಂಗಿನಲ್ಲಿ ಅಣ್ಣನ ಜೊತೆ ಮಾತು ಮುಗಿದಿತ್ತು ಎಂದು ಆಮೇಲೆ ಅವರೇ ಒಪ್ಪಿಕೊಂಡರು. ನನಗೆ ಮೂಗಿಗೆ ತುಪ್ಪ ಸವರಿದ್ದು, ಇವರಿಗೆ ಕುರ್ಚಿ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ಮನುಷ್ಯ! ಹೊರಗಿನವರು ಕೈಕೊಟ್ಟರೆ ರಾಜಕೀಯ ಎನ್ನಬಹುದು, ಇದಕ್ಕೆ ಏನೆನ್ನಬೇಕು ಎಂದು ನನಗೆ ಇಂದಿಗೂ ತಿಳಿಯುವುದಿಲ್ಲ.

ಹೊಸ ಸಮಿತಿ ಮೊದಲ ಸಭೆಯಲ್ಲೇ ತರಗತಿಯನ್ನು ಕಾರ್ಯದರ್ಶಿಯ ಹೆಂಡತಿಗೆ ಕೊಟ್ಟಿತು. ನಿಯಮ ನಿಯಮವೇ ಅಲ್ವಾ ಎಂದರಂತೆ ಅಣ್ಣ. ಆ ಶನಿವಾರ ನಾನು ವಿಲ್ಲಾಕ್ಕೆ ಹೋದಾಗ ಟೀಚರ್ ಒಬ್ಬರೇ ಇದ್ದರು. ಗೋಡೆಯ ಮೇಲಿದ್ದ ಅಕ್ಷರಮಾಲೆಯ ಚಾರ್ಟನ್ನು ಉಗುರಿನಲ್ಲಿ ಟೇಪು ಎಬ್ಬಿಸಿ ಬಿಡಿಸುತ್ತಿದ್ದರು. ಅವರೇ ಕೈಯಾರೆ ಬರೆದ ಚಾರ್ಟು. ನಾನು ಇನ್ನೊಂದು ಮೂಲೆ ಹಿಡಿದುಕೊಂಡೆ. ಅಳು ಬಂತು. ಅಣ್ಣನಿಗೆ ಬೈದೆ, ಸಮಿತಿಗೆ ಬೈದೆ. ಟೀಚರ್ ಚಾರ್ಟನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು.

“ನಿಮ್ಮ ಮನೆಯ ಕಾರ್ಡು ಎದ್ದದ್ದು ನಾನು ಹಿಂದಿನಿಂದ ಕಂಡಿದ್ದೇನೆ ಅಕ್ಕಾ,” ಎಂದರು ಕೊನೆಗೆ. “ಮೊದಲು ನನ್ನ ಬೇಡಿಕೆ ಬಿಡಿಸಿದ್ರಿ. ಆಮೇಲೆ ಅಣ್ಣನವರು ನಿಮ್ಮದ್ದನ್ನೂ ಬಿಡಿ ಅಂದಿರ್ಬೇಕು, ನೀವು ಗಂಡ ಹೆಂಡತಿ ಮಾತಾಡಿಕೊಂಡು ಒಪ್ಪಿದ್ದು ಅಂತ ಎಣಿಸಿದೆ. ನಂಗೆ ಒಂದು ಮಾತು ಮುಂಚೆ ಹೇಳ್ಬಹುದಿತ್ತು.”

“ಟೀಚರ್, ದೇವರಾಣೆ ನನಗೆ ಗೊತ್ತಿರ್ಲಿಲ್ಲ! ನನ್ನನ್ನು ಅವರು ಕೇಳ್ಲೇ ಇಲ್ಲ.”

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಹೋಮ್‌ವರ್ಕ್ ಮನೆಯಲ್ಲೇ ಮರೆತೆ ಎನ್ನುವ ಮಕ್ಕಳನ್ನು ಅವರು ನೋಡುತ್ತಿದ್ದದ್ದು ಹಾಗೆಯೇ.

“ಹೌದಾ ಅಕ್ಕಾ,” ಎಂದು ಹೇಳಿ, ದೀಪ ಆರಿಸಲು ಸ್ವಿಚ್ಚಿನ ಕಡೆ ಹೋದರು.